ಚಿಗವ್ವನ ಬಲಗೈ

ಚಿಗವ್ವನ ಬಲ ಮಣಿಕಟ್ಟಿನ ಒಳಮಗ್ಗುಲಲ್ಲಿ ಹಳೆಯ ಗಾಯದ ಬಿಳಿ ಗೆರೆಗಳಿದ್ದವು. ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈಗೆ ಮಾತ್ರ ಒಂದೇ ಒಂದು ಹಿತ್ತಾಳೆ ಬಳೆ. ಮುತ್ತೈದೆ ಹೀಗಿರಬಾರದು ಎಂದು ತಾಳಗುಂದದ ನಮ್ಮ ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಗೆರೆಗಳೇನು ಎಂದು ನಾನು ಕೇಳಿದರೆ ಕುಡುಗೋಲು ತಾಗಿತ್ತು ಎನ್ನುತ್ತಿದ್ದಳು.

ಅವಳು ನನ್ನ ತಾಯಿಯ ತಂಗಿ. ಅಮ್ಮ ನನ್ನನ್ನು ಹೆತ್ತ ದಿನವೇ ತೀರಿಕೊಂಡಳು. ಕೂಸನ್ನು ನೋಡಿಕೊಳ್ಳಲು ಉಳಿದ ಚಿಗವ್ವನನ್ನೇ ಮುಂದೆ ಅಪ್ಪ ಮದುವೆಯಾದ. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೆಣಕಿದರೆ ನನ್ನ ಜಡೆ ಎಳೆದು, "ಇದೊಂದನ್ನ ಸಾಕೋದ್ರಾಗೇ ನನ್ನ ಕೂದ್ಲು ಬೆಳ್ಳಗಾದ್ವು" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಬೈಯುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಸ್ಕೂಲಿಗೆ ತಡವಾದರೆ ಬಸ್ ಸ್ಟಾಪಿನವರೆಗೂ ಬೈಯುತ್ತಲೇ ಬಂದು, ಬಸ್ಸು ಹತ್ತುವಾಗ ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ನನ್ನ ಕೈಗೆ ಸುರಿಯುತ್ತಿದ್ದಳು.

ಇಂಥ ಬಾಯಿಬಡುಕಿಯೂ, ಅಮ್ಮನ ಸಾವಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಬಸುರಿಯಾದ ಮೇಲೆ ಯಾರೂ ಆ ಸುದ್ದಿ ಎತ್ತುವಂತೆಯೇ ಇರಲಿಲ್ಲ. ಬಸುರಿಯ ಮುಂದೆ ಬಾಣಂತಿಯ ಸಾವಿನ ವಿಚಾರ ಆಡಬಾರದಂತೆ. ಆಡದ ಮಾತಿಗೇ ನಾನು ಹೆಚ್ಚು ಹೆದರಿದೆ. ಸೊರಬದ ಕಡೆಯ ಉಳವಿಯಲ್ಲಿ, ಗಂಡನ ಮನೆಯಲ್ಲಿ, ಮಗು ಹೊಟ್ಟೆಯೊಳಗೆ ಒದ್ದರೆ ಎಲ್ಲರಿಗೂ ಖುಷಿ, ನನಗೆ ಕೈಕಾಲು ತಣ್ಣಗಾಗುತ್ತಿದ್ದವು. ಅಮ್ಮನಿಗೆ ಆದದ್ದೇ ನನಗೂ ಆಗುತ್ತದೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆದದ್ದು ಏನೆಂಬುದೇ ನನಗೆ ಗೊತ್ತಿರಲಿಲ್ಲ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಎಲ್ಲ ಸರಿಯಿದೆ ಎಂದರೂ ನಂಬಿಕೆ ಬರಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಕುಬುಸದ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆಗಳು ಎರಡೂ ಕೈ ತುಂಬಿದ್ದವು. ಹೆರಿಗೆಯಾಗುವ ತನಕ ಅವನ್ನು ತೆಗೆಯುವಂತಿಲ್ಲ, ತೆಗೆದರೆ ಕೇಡು ಎನ್ನುತ್ತಾರೆ. ಒಂದು ಬೆಳಿಗ್ಗೆ ನೋವು ಶುರುವಾಗಿ ಶಿಕಾರಿಪುರದ ಆಸ್ಪತ್ರೆಗೆ ಹೋದೆವು. ವಾರ್ಡಿನ ಮಂಚದ ಮೇಲೆ ನನ್ನನ್ನು ಕೂರಿಸಿದ್ದೇ, ಚಿಗವ್ವ ಸೋಪು ಹಚ್ಚಿ ನನ್ನ ಬಳೆಗಳನ್ನು ಒಂದೊಂದಾಗಿ ಜಾರಿಸತೊಡಗಿದಳು. ಸುದ್ದಿ ತಿಳಿದು ಉಳವಿಯಿಂದ ಬಂದಿದ್ದ ನನ್ನ ಅತ್ತೆ ಗಾಬರಿಯಾಗಿ ತಡೆಯಲು ನೋಡಿದರು. ಚಿಗವ್ವ ತಲೆ ಎತ್ತಲಿಲ್ಲ. ಕೊನೆಯ ಬಳೆ ಜಾರಿಸಿ ತನ್ನ ಬಲಗೈಯನ್ನು ನನ್ನ ಕೈಗೆ ಕೊಟ್ಟಳು.

"ನಮ್ಮಕ್ಕ ನೋವು ತಡೀಲಾರ್ದೆ ನನ್ನ ಕೈ ಬಿಗಿಯಾಗಿ ಹಿಡಿದಿದ್ಲು," ಎಂದಳು. "ಈ ಕೈಯಾಗಿದ್ದ ನನ್ನ ಗಾಜಿನ ಬಳೆ ಒಡೆದು ಚುಚ್ಚಿದ್ವು. ನೀನೂ ಹಂಗೇ ಹಿಡ್ಕ. ಬಿಡಬ್ಯಾಡ."

ಅಮ್ಮ ಹೇಗೆ ಸತ್ತಳು ಎಂದು ನಾನು ಕೇಳಿದೆ. ಈಗ ಆ ಮಾತು ಬೇಡ ಎಂದರು ಅತ್ತೆ. ಚಿಗವ್ವ ಹೇಳಿಯೇಬಿಟ್ಟಳು.

"ಕೂಸು ಬಂದ್ರೆ ಹೆರಿಗೆ ಮುಗೀತು ಅನ್ಕಂಡಿದ್ವಿ. ಕೂಸಿನ ಹಿಂದೆ ಮಾಸು ಬೀಳ್ಬೇಕು, ರಕ್ತ ನಿಲ್ಬೇಕು ಅಂತ ತಿಳೀಲಿಲ್ಲ. ನೀನು ಅಳೋದು ಕೇಳಿ ಎಲ್ರೂ ನಿನ್ನನ್ನೇ ನೋಡ್ಕಂತ ನಿಂತ್ವಿ. ಅಕ್ಕನ್ನ ಯಾರೂ ನೋಡ್ಲಿಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದಳು. ನಾನು ತವರಿಗೆ ಬಂದ ಮೇಲೆ ತಪಾಸಣೆಗೆ ಕರೆತಂದಾಗಲೆಲ್ಲ ಇಲ್ಲಿನ ನರ್ಸಮ್ಮನ ತಲೆ ತಿಂದು ಕೇಳಿಕೊಂಡಿದ್ದಳಂತೆ. ನೋವು ಬಂದು ಬಂದು ಹೋಗುತ್ತದೆ, ಬರಬರುತ್ತಾ ಹತ್ತಿರವಾಗುತ್ತದೆ, ಗರ್ಭದ ಬಾಯಿ ನಿಧಾನವಾಗಿ ತೆರೆಯುತ್ತದೆ, ನರ್ಸಮ್ಮ ಹೇಳುವ ತನಕ ಕೂಸನ್ನು ತಳ್ಳಲು ತಿಣುಕಬಾರದು. ಕೂಗಬೇಕೆನಿಸಿದರೆ ಕೂಗಬಹುದು, ನಾಚಿಕೆ ಏನಿಲ್ಲ. ನನ್ನ ಹೆದರಿಕೆ ಹೋಗಲಿಲ್ಲ. ಆದರೆ ಯಾವುದಕ್ಕೆ ಹೆದರಬೇಕು ಎಂಬುದಾದರೂ ಗೊತ್ತಾಯಿತು.

ಹೆರಿಗೆ ಕೋಣೆಗೆ ಅವಳೊಬ್ಬಳನ್ನು ಬಿಟ್ಟರು. ಅವಳ ಬಲಗೈ ಹಿಡಿದು ನಾನು ಎಷ್ಟು ಕೂಗಿದೆನೋ ನೆನಪಿಲ್ಲ. ಮಧ್ಯಾಹ್ನ ಮಗು ಅತ್ತಿತು. ನರ್ಸಮ್ಮ ಅದನ್ನೆತ್ತಿ, ಅಜ್ಜಿ, ಮೊಮ್ಮಗಳನ್ನು ನೋಡಿ ಎಂದರು. ಚಿಗವ್ವ ಆ ಕಡೆ ತಿರುಗಲಿಲ್ಲ. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

"ನನ್ನ ಮಗಳದ್ದು ಮುಗೀಲಿ. ಆಮೇಲೆ ನೋಡ್ತೀನ್ರೀ."

ಮಾಸು ಬಿತ್ತು. ರಕ್ತ ಹತೋಟಿಯಲ್ಲಿದೆ ಎಂದು ನರ್ಸಮ್ಮ ಹೇಳಿದರು. ನಿಜವಾ ಎಂದು ಚಿಗವ್ವ ಮತ್ತೆ ಮತ್ತೆ ಕೇಳಿದಳು. ಅವರು ರೇಗುವವರೆಗೂ ಕೇಳಿ, ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. ಮಗುವನ್ನು ಅವಳು ನೋಡಿದ್ದು ಅದಾದ ಮೇಲೆ. ನಾನು ಹುಟ್ಟಿದಾಗ ಎಲ್ಲರೂ ನನ್ನನ್ನು ನೋಡಿದ್ದರು. ನಾನು ಹೆತ್ತಾಗಲೂ ನನ್ನನ್ನೇ ನೋಡಿದವಳು ಅವಳೊಬ್ಬಳು.

ಕಳೆದ ವರ್ಷ ಚಿಗವ್ವ ತೀರಿಕೊಂಡಳು. ಮುತ್ತೈದೆ ಸಾವು ಎಂದು ಓಣಿಯ ಹೆಂಗಸರು ಅರಿಸಿನ ಕುಂಕುಮ ಹಚ್ಚಿ, ಎಡಗೈಗೆ ಹೊಸ ಬಳೆ ತೊಡಿಸಿ, ಬಲಗೈ ಎತ್ತಿಕೊಂಡರು. ಆ ಕೈಗೆ ಬೇಡ ಎಂದೆ. ಅವರು ಮುಖ ಮುಖ ನೋಡಿಕೊಂಡರು. ನಾನು ಆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ, ಹೆಣ ಎತ್ತುವವರೆಗೂ ಬಿಡಲಿಲ್ಲ.