ತಲೆ ಎತ್ತದ ಶೇಕದಾರರು

ಶೇಕದಾರ್ ಸಿದ್ಧರಾಮಪ್ಪನವರ ರುಮಾಲನ್ನು ಚನ್ನಗಿರಿಯವರೆಲ್ಲ ಕಂಡಿದ್ದರು. ಮುಖ ಕಂಡವರು ಕಡಿಮೆ. ಪೇಟೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದರು. ಮನೆಯಲ್ಲಿ ಏನಾದರೂ ಕೆಡುಕಾಯಿತೇ ಎಂದು ಜನ ನನ್ನನ್ನು ಕೇಳುತ್ತಿದ್ದರು. ನಾನು ಅವರ ಕೈಕೆಳಗಿನ ಗುಮಾಸ್ತ. ಅವರು ಗಾಲ್ಫ್ ಕಲಿಯುತ್ತಿದ್ದಾರೆ ಎಂದರೆ ನನಗೇ ಹುಚ್ಚು ಎನ್ನುತ್ತಿದ್ದರು.

ಇದು ಯುದ್ಧಕ್ಕೆ ಮುಂಚಿನ ಮಾತು. ಕೆರೆ ಏರಿ ರಿಪೇರಿಗೆ ಬಂದು ಬಂಗಲೆಯಲ್ಲಿ ಇಳಿದಿದ್ದ ಇಂಗ್ಲಿಷ್ ಇಂಜಿನಿಯರ್ ದೊರೆಗೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಹಿಂದಿನ ಬಯಲಿನಲ್ಲಿ ಸಣ್ಣ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತಿದ್ದರು. ಆ ಚೆಂಡು ಆಕಾಶಕ್ಕೆ ಏರಿದ್ದನ್ನು ಶೇಕದಾರರು ಒಮ್ಮೆ ಕಂಡರು. "ಸಾಯೋದ್ರೊಳಗೆ ನಾನೂ ಒಂದ್ಸಲ ಹಂಗೆ ಹಾರಿಸ್ಬೇಕು ಕಣಯ್ಯ," ಎಂದರು. ಅಂದೇ ಶಿಷ್ಯರಾದರು.

ಇಂಥ ಶಿಷ್ಯ ಯಾವ ಗುರುವಿಗೂ ಸಿಕ್ಕಿರಲಾರ. ಕೋಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ದೊರೆಯ ಕೈಗೆ ಬಾಳೆಹಣ್ಣು ಕೊಟ್ಟೇ ಪಾಠ ಶುರು. ಹೊಡೆಯುವಾಗ ತಲೆ ಎತ್ತಬಾರದು ಎಂಬುದು ಮೊದಲ ಪಾಠ. ಹೊಡೆದ ಮೇಲೆ ಎತ್ತಬಹುದೆಂದು ದೊರೆ ಹೇಳಲಿಲ್ಲ, ಇವರು ಕೇಳಲಿಲ್ಲ. "ಗುರು ಹೇಳಿದ್ರಾಗೆ ಏನೋ ಐತೆ. ಮೈಗೆ ಹತ್ಬೇಕಂದ್ರೆ ಹಗಲೆಲ್ಲ ಸಾಧನೆ ಮಾಡ್ಬೇಕು," ಎಂದು ಕಚೇರಿಯಲ್ಲೂ ಸಂತೆಯಲ್ಲೂ ತಲೆ ತಗ್ಗಿಸಿದರು. ಅಮಲ್ದಾರರು ಇದನ್ನು ವಿನಯವೆಂದು ತಿಳಿದು ಎಲ್ಲರೆದುರು ಹೊಗಳಿದರು. ಹೊಗಳಿದ್ದು ಯಾರೆಂದು ಶೇಕದಾರರಿಗೆ ಮೆಟ್ಟು ನೋಡಿ ಗೊತ್ತಾಯಿತು.

ಬಯಲಿನಲ್ಲಿ ನನಗೆ ಒಂದೇ ಕೆಲಸ. "ಚೆಂಡಿನ ಉಸಾಬರಿ ನಿಂಗೆ ಬ್ಯಾಡ. ನನ್ ತಲೆ ಮ್ಯಾಲೆ ಕಣ್ಣಿಡು. ಎತ್ತಿದ್ರೆ ಹೇಳು." ಚೆಂಡು ಮೊಳದುದ್ದ ಉರುಳುತ್ತಿತ್ತು, ಇಲ್ಲವೇ ಬರೀ ಮಣ್ಣು ಹಾರುತ್ತಿತ್ತು.

ದೊರೆ ಊರು ಬಿಡುವ ಹಿಂದಿನ ಸಂಜೆ ಕೊನೆಯ ಪಾಠ. ಉಳಿದದ್ದು ಒಂದೇ ಚೆಂಡು. ಶೇಕದಾರರು ಅದಕ್ಕೂ ವಿಭೂತಿ ಹಚ್ಚಿ ಕಣ್ಣಿಗೊತ್ತಿಕೊಂಡರು. ನೋಡಿ ನನಗೂ ಅಯ್ಯೋ ಎನಿಸಿತು. ದೊರೆ ಪೈಪು ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದರು. ಇವರು ಕೋಲು ಬೀಸಿದರು. ಠಣ್ ಎಂದು ಹಿಂದೆಂದೂ ಕೇಳದ ಸದ್ದು ಬಂತು. ತಲೆ ಮಾತ್ರ ಅಲುಗಲಿಲ್ಲ.

"ಎಲ್ಲಿಗೆ ಹೋಯ್ತೋ?" ನೆಲ ನೋಡುತ್ತಲೇ ಕೇಳಿದರು.

"ತಲೆ ನೋಡು ಅಂದಿದ್ರಲ್ಲ ಸ್ವಾಮಿ," ಎಂದೆ.

ದೊರೆಯನ್ನು ಕೇಳಿದರೆ ಅವರೂ ಕೈಯಾಡಿಸಿದರು. ಮೂವರೂ ಬೇಲಿ, ಪೊದೆ ಎಲ್ಲ ಜಾಲಾಡಿದೆವು. ಚೆಂಡು ಸಿಗಲಿಲ್ಲ.

ಆಮೇಲೆ ಆ ಚೆಂಡು ಅವರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ದೂರ ಹೋಯಿತು. ಮೊದಲು ಕೆರೆ ದಾಟಿತು. ಅವರು ನ್ಯಾಮತಿಗೆ ವರ್ಗವಾಗುವಷ್ಟರಲ್ಲಿ ಸಾಸ್ವೆಹಳ್ಳಿ ಮುಟ್ಟಿತ್ತು. ಪಿಂಚಣಿ ಹೊತ್ತಿಗೆ ಹೊಳೆ ದಾಟಿ ಗೋವಿನಕೋವಿ ಕಡೆ ತಿರುಗಿತ್ತು. ತಲೆ ಮಾತ್ರ ಅಭ್ಯಾಸಬಲದಿಂದ ತಗ್ಗಿಯೇ ಉಳಿದಿತ್ತು.

ಕೊನೆಗೆ ಅವರನ್ನು ಕಂಡದ್ದು ಹೊನ್ನಾಳಿಯಲ್ಲಿ, ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಅಂಗಾತ ಮಲಗಿದ್ದರಿಂದ ಮುಖ ಪೂರ್ತಿ ಕಾಣುತ್ತಿತ್ತು. ಎಷ್ಟು ಚೆಂದದ ಮುಖ ಎನಿಸಿ ಸಂಕಟವಾಯಿತು. ನಗಿಸೋಣವೆಂದು, "ಚೆಂಡು ಕೊನೆಗೆ ಎಲ್ಲಿ ಬಿತ್ತು ಸ್ವಾಮಿ?" ಎಂದು ಕೇಳಿದೆ.

"ಬಿದ್ದಿದ್ದು ನೀನ್ ನೋಡಿದ್ಯಾ?"

"ಇಲ್ಲ."

"ದೊರೆ ನೋಡಿದ್ರಾ?"

"ಇಲ್ಲ."

"ಮತ್ತೆ ಬಿತ್ತು ಅಂತ ಹೆಂಗೆ ಹೇಳ್ತೀಯ?" ಎಂದು ಸೂರು ನೋಡುತ್ತ ನಕ್ಕರು.

ಆ ವಾರವೇ ಹೋದರು. ಬಂಗಲೆಯ ಬಯಲಿಗೆ ಹೋದರೆ ಈಗಲೂ ಅವರ ನೆನಪಾಗುತ್ತದೆ. ಮಳೆ ಇರಲಿ, ಬಿಸಿಲಿರಲಿ, ಏನೂ ಇಲ್ಲದಿರಲಿ, ಆ ಬಯಲನ್ನು ನಾನು ಕೊಡೆ ಬಿಚ್ಚಿಕೊಂಡೇ ದಾಟುತ್ತೇನೆ.