ಆಂಜನಮ್ಮನವರ ಅಪೀಲು

ಕಗ್ಗದಾಸಪುರದಲ್ಲಿ ನಾವು ಬಾಡಿಗೆಗಿದ್ದ ಸಾಲುಮನೆಗಳಿಗೆ ನಂಬರೇ ಇರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಂಜನಮ್ಮ ಆರು ಮನೆ ಕಟ್ಟಿಸಿದ್ದರು. ಆರಕ್ಕೂ ವಿಳಾಸ ಒಂದೇ: ಕೇರ್ ಆಫ್ ಆಂಜನಮ್ಮ. ನಾವೆಲ್ಲ ಕೆಲಸಕ್ಕೆ ಹೋದಮೇಲೆ ಕೊರಿಯರಿನವನು ಬರುತ್ತಿದ್ದ. ಕವರು ತಲುಪಿತು ಎನ್ನುವುದಕ್ಕೆ, ಅದರ ಮೇಲೆ ಯಾರ ಹೆಸರಿದೆಯೋ ಅದನ್ನೇ ತನ್ನ ಹಾಳೆಯಲ್ಲಿ ಬರೆಯಬೇಕು ಎನ್ನುತ್ತಿದ್ದ. ನಾಲ್ಕನೇ ಕ್ಲಾಸು ಓದಿದ್ದ ಆಂಜನಮ್ಮ ಕನ್ನಡಕ ಏರಿಸಿ, ನಿಧಾನವಾಗಿ ಬರೆದುಕೊಡುತ್ತಿದ್ದರು.

"ನಿನ್ ಹೆಸ್ರು ನಂದಿತಾ ಅಂತ ಬರೆಯಕ್ಕೆ ಮೊದ್ಲು ಒದ್ದಾಡ್ತಿದ್ದೆ ಕಣಮ್ಮ. ಈಗ ಕೈ ಪಳಗೈತೆ," ಎಂದು ಒಮ್ಮೆ ನನ್ನ ಮುಂದೆ ಜಂಬ ಕೊಚ್ಚಿಕೊಂಡಿದ್ದರು.

ದೇವತೆ ಎಂದೇನೂ ಹೇಳುವುದಿಲ್ಲ. ಒಂದು ಕೊಡ ನೀರು ಹೆಚ್ಚು ಹಿಡಿದರೆ ನಮ್ಮ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದರು. ಆದರೆ ನನಗೆ ಟೈಫಾಯಿಡ್ ಬಂದಾಗ ಹದಿನೆಂಟು ದಿನ ಗಂಜಿ ಕಾಯಿಸಿ ಕೊಟ್ಟವರೂ ಅವರೇ.

2002ರಲ್ಲಿ ಕೊನೆಯ ಮನೆಗೆ ದೀಪು ಎಂಬವನು ಬಂದ. ಟೈ ಕಟ್ಟಿಕೊಂಡು ಬ್ಯಾಂಕೊಂದರ ಕ್ರೆಡಿಟ್ ಕಾರ್ಡ್ ಮಾರುತ್ತಿದ್ದ. ಅವನ ಮನೆಗೆ ಬೇರೆ ಬೇರೆ ಹೆಸರಿನ ಕವರುಗಳು ಬರತೊಡಗಿದಾಗ ಆಂಜನಮ್ಮ ಕೇಳಿದರು. "ನಮ್ ಆಫೀಸಿನವ್ರದ್ದು ಆಂಟಿ, ಅವ್ರ ಮನೆಗಳಿಗೂ ನಂಬರ್ ಇಲ್ಲ," ಎಂದ. ಆ ಮಾತನ್ನು ಬೇರೆ ಯಾರಾದರೂ ಅನುಮಾನಿಸುತ್ತಿದ್ದರೇನೋ. ಆಂಜನಮ್ಮನವರಿಗೆ ಅದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ಒಂಬತ್ತು ಕವರಿಗೆ ಒಂಬತ್ತು ಹೆಸರು ಬರೆದುಕೊಟ್ಟರು.

ಆ ಒಂಬತ್ತು ಜನರ ರೇಷನ್ ಕಾರ್ಡಿನ ಜೆರಾಕ್ಸು, ಫೋಟೊ ಎಲ್ಲವನ್ನೂ ದೀಪು ಎಲ್ಲಿಂದಲೋ ಕದ್ದಿದ್ದ. ಅವರ ಹೆಸರಿನಲ್ಲಿ ಕಾರ್ಡು ತೆಗೆಸಿ, ಉಜ್ಜಿ ಉಜ್ಜಿ ಸಾಮಾನು ಕೊಂಡು ನಾಪತ್ತೆಯಾದ. ಪೊಲೀಸರ ಕೈಗೆ ಸಿಕ್ಕಿದ್ದು ಕೊರಿಯರಿನ ಹಾಳೆಗಳು ಮತ್ತು ಆಂಜನಮ್ಮನವರ ಅಕ್ಷರ. ಕೇಸು ಅವರ ಮೇಲೇ ಬಿತ್ತು.

ಅವರ ವಕೀಲರು ಶಿವಾಜಿನಗರದ ಅಹ್ಮದ್ ಪಾಷಾ. ಈಕೆ ಎಲ್ಲರ ಹೆಸರನ್ನೂ ಹೀಗೇ ಬರೆಯುತ್ತಿದ್ದರು ಎಂದು ಬಾಡಿಗೆಯವರಲ್ಲಿ ಒಬ್ಬರಾದರೂ ಸಾಕ್ಷಿ ಹೇಳಬೇಕು ಎಂದು ಉಳಿದ ಐದೂ ಬಾಗಿಲು ತಟ್ಟಿದರು. ನನ್ನ ಯಜಮಾನರಿಗೆ ಆಗ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಗುವುದಿತ್ತು. "ಪೊಲೀಸು, ಕೋರ್ಟು ನಮಗ್ಯಾಕೆ ಬೇಕು? ನೀನು ಮನೇಲಿಲ್ಲ ಅಂತ ಹೇಳ್ತೀನಿ," ಎಂದರು. ನಾನು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ನಾಚಿಕೆಗೆಟ್ಟವಳು ನಾನು. ಆ ವರ್ಷವೇ ಅಲ್ಲಿಂದ ಮನೆ ಖಾಲಿ ಮಾಡಿ ರಾಮಮೂರ್ತಿನಗರಕ್ಕೆ ಹೋದೆವು.

ಕೋರ್ಟಿನಲ್ಲಿ ಆಂಜನಮ್ಮ "ನಾನೇ ಬರ್ದಿದ್ದು ಸ್ವಾಮಿ, ಎಲ್ಲರ್ದೂ ನಾನೇ ಬರೆಯೋದು," ಎಂದರಂತೆ. ಮೊದಲರ್ಧ ತೀರ್ಪಿಗೆ ಸಾಕಾಯಿತು. ಉಳಿದರ್ಧಕ್ಕೆ ಸಾಕ್ಷಿ ಇರಲಿಲ್ಲ. 2006ರಲ್ಲಿ ಎರಡು ವರ್ಷ ಸಜೆಯಾಯಿತು. ಅಪೀಲು ಹಾಕಿ ಜಾಮೀನಿನ ಮೇಲೆ ಮನೆಗೆ ಬಂದರು.

ಸುದ್ದಿ ಕೇಳಿ ತಡೆಯಲಾಗದೆ ಹೋದೆ. ಅವರು ಬೈಯಲಿ ಎಂದೇ ಹೋಗಿದ್ದೆ, ಬೈಯಲಿಲ್ಲ. "ಜೈಲಿಗೆ ನಾನು ಹೆದ್ರಲ್ಲ ಕಣಮ್ಮ. ಕಳ್ಳಿ ಅಂತ ಬರ್ದವ್ರಲ್ಲ, ಅದನ್ನ ಅಳಿಸ್ಬೇಕು. ಅಷ್ಟು ಆದ್ರೆ ಸಾಕು," ಎಂದರು. ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಈ ಸಲ ಯಜಮಾನರನ್ನು ಕೇಳಲಿಲ್ಲ.

ಅಪೀಲಿನಲ್ಲಿ ಹೊಸ ಸಾಕ್ಷಿಗೆ ಅನುಮತಿ ಸಿಗುವುದು ಅಪರೂಪ. ಎರಡು ವರ್ಷ ಅಲೆದು ಅಹ್ಮದ್ ಪಾಷಾ ಅದನ್ನು ಗಿಟ್ಟಿಸಿದರು. ನನ್ನ ಸಾಕ್ಷಿಗೆ ದಿನ ಗೊತ್ತಾಯಿತು. ಅದಕ್ಕೆ ಹನ್ನೆರಡು ದಿನ ಮುಂಚೆ, ಬಚ್ಚಲಿಗೆ ಹೊರಟಿದ್ದ ಆಂಜನಮ್ಮ ಲಕ್ವ ಹೊಡೆದು ಕುಸಿದವರು ಮತ್ತೆ ಏಳಲಿಲ್ಲ.

ಅಪೀಲು ಹಾಕಿದವರು ಸತ್ತರೆ ಅಪೀಲೂ ಮುಗಿದುಹೋಗುತ್ತದಂತೆ, ಶಿಕ್ಷೆಯ ತೀರ್ಪು ಮಾತ್ರ ಹಾಗೇ ಉಳಿಯುತ್ತದಂತೆ. ಹತ್ತಿರದ ರಕ್ತಸಂಬಂಧಿ ಮೂವತ್ತು ದಿನದೊಳಗೆ ಅರ್ಜಿ ಹಾಕಿದರೆ ಮುಂದುವರಿಸಬಹುದು. ಇದ್ದವನು ಒಬ್ಬನೇ ಮಗ, ಪ್ರೇಮ್‌ಕುಮಾರ್. ನಾನು ಅವನ ಮನೆಗೆ ಮೂರು ಸಲ ಹೋದೆ.

"ಬಿಡ್ರೀ ಅಕ್ಕ, ಅಮ್ಮನೇ ಇಲ್ಲ, ಇನ್ಯಾಕೆ ಕೇಸು? ಮಗಳಿಗೆ ಸಂಬಂಧ ನೋಡ್ತಿದೀವಿ. ಗಂಡಿನ ಕಡೆಯವ್ರಿಗೆ ಗೊತ್ತಾದ್ರೆ ಕಷ್ಟ," ಎಂದ. ಅವನನ್ನು ಯಾವ ಬಾಯಲ್ಲಿ ಬೈಯಲಿ? ನಾನು ಅಡುಗೆಮನೆಯಲ್ಲಿ ಅವಿತಾಗ ನನಗಿದ್ದದ್ದೂ ಇಂಥದೇ ಕಾರಣ. ಮೂವತ್ತು ದಿನ ಕಳೆಯಿತು.

ಕೇಸು ಕರೆಯುವ ದಿನ ಸುಮ್ಮನೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜಡ್ಜರು ಎರಡೇ ಸಾಲು ಹೇಳಿ ಬರೆಸಿ, ಮುಂದಿನ ಫೈಲು ತೆಗೆದುಕೊಂಡರು.

ಹೊರಗೆ ಮೆಟ್ಟಿಲ ಹತ್ತಿರ ಅಹ್ಮದ್ ಪಾಷಾ ಅವರನ್ನು ನಿಲ್ಲಿಸಿಕೊಂಡು, ಹೇಳಬೇಕೆಂದಿದ್ದನ್ನೆಲ್ಲ ಹೇಳಿಬಿಟ್ಟೆ. ನನ್ನ ಗ್ಯಾಸಿನ ಪುಸ್ತಕ, ಎಲ್‌ಐಸಿ ನೋಟೀಸು, ಅಣ್ಣನ ಕಾಗದ, ಎಲ್ಲಕ್ಕೂ ನನ್ನ ಹೆಸರು ಬರೆದು ತೆಗೆದುಕೊಂಡವರು ಆಂಜನಮ್ಮನವರೇ, ಅದರಲ್ಲಿ ಮೋಸ ಇರಲಿಲ್ಲ, ನಾವೇ ಅವರಿಗೆ ಹಾಗೆ ಮಾಡಿ ಎಂದಿದ್ದೆವು. ಅಳುತ್ತಲೇ ಹೇಳಿದೆ. ವಕೀಲರು ಕೊನೆಯವರೆಗೂ ಕೇಳಿಸಿಕೊಂಡರು.

"ಇಷ್ಟೇ ಸಾಕಾಗಿತ್ತಮ್ಮ," ಎಂದರು.