ಹೊದಿಕೆ ಎಳೆಯುವ ಅಕ್ಕ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಂಪ್ಯೂಟರ್ ಪರದೆ ನೋಡುತ್ತಿದ್ದಾರೆ. ಬೇರೆಲ್ಲ ಕಡೆ ಫಿಟ್ಸ್ ಬರದಿರಲಿ ಎಂದು ಹೆಣಗಿದರೆ, ಮೂರ್ಛೆರೋಗದ ಈ ವಾರ್ಡಿನಲ್ಲಿ ಬರಲಿ ಎಂದೇ ಕಾಯುತ್ತಾರೆ. ವೈದ್ಯರು ಮಾತ್ರೆ ತಗ್ಗಿಸಿ, ರೋಗಿಯ ತಲೆಗೆ ವೈರುಗಳನ್ನು ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟಿರುತ್ತಾರೆ. ಮಿದುಳಿನ ಅಲೆಗಳೂ ಮೈಯ ಚಲನೆಯೂ ಒಟ್ಟಿಗೆ ಸಿಕ್ಕರೆ ತಾನೇ ಅದು ಯಾವ ಬಗೆಯ ಫಿಟ್ಸ್, ಎಲ್ಲಿಂದ ಶುರು ಎಂದು ತಿಳಿಯುವುದು?

ಫಿಟ್ಸ್ ಬಂದೊಡನೆ ಓಡಿಹೋಗಿ ಹೊದಿಕೆ ಎಳೆಯುವುದು ಅಕ್ಕನ ಕೆಲಸ. ಕೈಕಾಲು ಕ್ಯಾಮೆರಾಗೆ ಕಾಣಬೇಕಲ್ಲ. "ಬೇರೆ ವಾರ್ಡಲ್ಲಿ ಹೊದಿಸ್ತಾರೆ, ನಾನು ಎಳೀತೀನಿ. ಬೈಸ್ಕೊಳ್ಳೋಕೇ ಸಂಬಳ ನನಗೆ" ಎಂದು ನಗುತ್ತಾರೆ. ಮೊದಲು ಇಲ್ಲೇ ನೆಲ ಒರೆಸುತ್ತಿದ್ದವರು, ಗಂಡ ಸೊಂಟ ಮುರಿದುಕೊಂಡು ಮನೆಯಲ್ಲಿ ಕೂತ ಮೇಲೆ ರಾತ್ರಿ ಪಾಳಿಯ ಈ ಕೆಲಸ ಹಿಡಿದರು. ಫಿಟ್ಸ್ ಎಂದರೆ ಎಲ್ಲರೂ ಬಿದ್ದು ಒದ್ದಾಡುವುದಿಲ್ಲ, ಕೆಲವರ ತೋಳಷ್ಟೇ ಸೆಳೆಯುತ್ತದೆ, ಕೆಲವರು ಸುಮ್ಮನೆ ಶೂನ್ಯ ದಿಟ್ಟಿಸುತ್ತಾರೆ ಎಂಬುದು ಅವರಿಗೆ ಗೊತ್ತಾದದ್ದೇ ಇಲ್ಲಿ.

ರೋಗಿಗಳಿಗಿಂತ ಅಮ್ಮಂದಿರನ್ನು ಸಂಭಾಳಿಸುವುದೇ ಕಷ್ಟ. ಕಿಟಕಿ ಪಕ್ಕದ ಹಾಸಿಗೆಯಲ್ಲಿರುವ ಹುಡುಗಿ ಹೊಲಿಗೆ ಕೆಲಸದವಳು. ಎಷ್ಟು ಮಾತ್ರೆ ಬದಲಿಸಿದರೂ ಅವಳ ಫಿಟ್ಸ್ ನಿಂತಿಲ್ಲ. ಇಲ್ಲಿಗೆ ಬಂದ ಮೇಲೆ ಎರಡು ಸಲ ಬಂತು. ಎರಡು ಸಲವೂ ತಾಯಿ ಅವಳ ಮೇಲೆ ಬಿದ್ದು ತಬ್ಬಿಕೊಂಡರು. ವೈರುಗಳು ಕಿತ್ತುಬಂದವು, ಕ್ಯಾಮೆರಾಗೆ ಸಿಕ್ಕಿದ್ದು ತಾಯಿಯ ಬೆನ್ನು. ಹೆತ್ತ ಕರುಳನ್ನು ದೂರಲು ಮನಸ್ಸಾದರೂ ಹೇಗೆ ಬಂದೀತು? ಆದರೆ ಇವತ್ತು ಸಂಜೆ ಹಾಸಿಗೆ ಬಿಟ್ಟುಕೊಡಬೇಕು. ಮತ್ತೆ ಸರದಿ ಯಾವಾಗಲೋ.

ಪರದೆಯಲ್ಲಿ ಹುಡುಗಿಯ ಕಣ್ಣು ಒಂದೇ ಕಡೆ ನೆಡುತ್ತದೆ. ತುಟಿ ಏನನ್ನೋ ಚಪ್ಪರಿಸುವಂತೆ ಆಡುತ್ತದೆ. ಅಕ್ಕ ನರ್ಸನ್ನು ಕರೆಯುವ ಗುಂಡಿ ಒತ್ತಿ ಓಡುತ್ತಾರೆ. ಒಂದು ಕೈಯಲ್ಲಿ ಹೊದಿಕೆ, ಇನ್ನೊಂದರಲ್ಲಿ ಆಗಲೇ ಎದ್ದು ನಿಂತಿದ್ದ ತಾಯಿಯ ತೋಳು.

"ಬೀಳಲ್ಲ ಅಮ್ಮ, ಮಂಚಕ್ಕೆ ಕಟಕಟೆ ಇದೆ. ನನ್ನ ಕೈ ಹಿಡ್ಕೊಳ್ಳಿ, ಎಷ್ಟು ಬೇಕಾದ್ರೂ ಹಿಂಡಿ."

ನಂತರ ಕ್ಯಾಮೆರಾಗೆ ಅಡ್ಡ ಬಾರದಂತೆ ಹುಡುಗಿಯತ್ತ ತಿರುಗಿ, ಪ್ರಜ್ಞೆ ಇದೆಯೇ ಎಂದು ತಿಳಿಯಲು, "ನಿನ್ನ ಹೆಸರೇನು ಮಗಳೇ?" ಎನ್ನುತ್ತಾರೆ. ಉತ್ತರವಿಲ್ಲ. ಎಡಗೈ ಅಂಗಿಯ ಗುಂಡಿ ತಡಕಾಡುತ್ತಿದೆ, ಬಲಗೈ ಸೆಟೆದಿದೆ. ತಾಯಿಯ ಉಗುರು ಅಕ್ಕನ ಮಣಿಕಟ್ಟಿಗೆ ನಾಟಿದೆ. ಆದರೂ ತಾಯಿ ಜಾಗ ಬಿಟ್ಟು ಕದಲುವುದಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ನರ್ಸ್ ಹುಡುಗಿಯನ್ನು ಮಗ್ಗುಲಾಗಿ ಮಲಗಿಸುತ್ತಾರೆ.

ವೈದ್ಯರು ಚಿತ್ರವನ್ನೂ ಅಲೆಗಳನ್ನೂ ಮತ್ತೆ ಮತ್ತೆ ನೋಡುತ್ತಾರೆ. "ಮಿದುಳಿನ ಎಡಗಡೆ ಒಂದೇ ಜಾಗದಿಂದ ಶುರುವಾಗ್ತಿದೆ. ಸ್ಕ್ಯಾನಲ್ಲೂ ಅದೇ ಸಿಕ್ಕಿದ್ರೆ ಆಪರೇಷನ್ ಬಗ್ಗೆ ಯೋಚಿಸ್ಬಹುದು."

ತಾಯಿ ಮಗಳ ಹಣೆ ಸವರುತ್ತಾರೆ. "ಚಿಕ್ಕೋಳಿದ್ದಾಗಿಂದ ತಬ್ಕೊಂಡೇ ಬಂದೆ. ಅದು ಬಂದಾಗ ಇವಳ ಮುಖ ಹೇಗಿರುತ್ತೆ ಅಂತ ನೋಡಿದ್ದು ಇವತ್ತೇ."

ಪಾಳಿ ಮುಗಿದಿದೆ. ಅಕ್ಕ ಮಣಿಕಟ್ಟು ಉಜ್ಜಿಕೊಳ್ಳುತ್ತ ಪರದೆಯಲ್ಲಿ ಆ ಚಿತ್ರವನ್ನು ಇನ್ನೊಮ್ಮೆ ನೋಡಿ ನರ್ಸಿಗೂ ತೋರಿಸುತ್ತಾರೆ.

"ನೋಡಿ, ಅವರಮ್ಮನೂ ಇಲ್ಲ, ನಾನೂ ಇಲ್ಲ. ಹುಡುಗಿ ಒಬ್ಬಳೇ, ತಲೆಯಿಂದ ಕಾಲಿನವರೆಗೆ ಪೂರ್ತಿ ಬಂದಿದ್ದಾಳೆ."